ನಗುತ್ತಾರೆ, ಚೆನ್ನಾಗಿ ತಿನ್ನುತ್ತಾರೆ, ನಿದ್ದೆಯೂ ಮಾಡುತ್ತಾರೆ... ಆದರೂ ಅದು ಖಿನ್ನತೆ! ಏನಿದು ಅಟಿಪಿಕಲ್ ಡಿಪ್ರೆಶನ್? ಗುಜರಾತ್‌ನ ಮೂರು ನಗರಗಳಲ್ಲಿ ಚಿಕಿತ್ಸೆ ಎಲ್ಲಿ?

ಅಹಮದಾಬಾದ್: ನವರಾತ್ರಿಯ ಒಂಬತ್ತೂ ರಾತ್ರಿ ಗೆಳತಿಯರ ಜೊತೆ ಗರ್ಬಾ ಆಡಿ ನಕ್ಕು ನಲಿದಿದ್ದ ಹುಡುಗಿ, ಹಬ್ಬ ಮುಗಿದ ಮೇಲೆ ಮಧ್ಯಾಹ್ನ ಎರಡು ಗಂಟೆಯಾದರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಕೈಕಾಲು ಎತ್ತಲಾಗುತ್ತಿಲ್ಲ ಎನ್ನುತ್ತಾಳೆ. ಎದ್ದರೆ ಸಿಹಿ, ಕರಿದ ತಿಂಡಿ ಹುಡುಕುತ್ತಾಳೆ. ಆರು ತಿಂಗಳಲ್ಲಿ ಎಂಟು ಕೆಜಿ ತೂಕ ಹೆಚ್ಚಿದೆ. ಆಫೀಸಿನಲ್ಲಿ ಮೇಲಧಿಕಾರಿ ಹೇಳಿದ ಒಂದು ಸಣ್ಣ ಮಾತಿಗೆ ಮೂರು ದಿನ ಅತ್ತಿದ್ದಾಳೆ. ಮನೆಯವರು ಹೇಳುವುದು ಒಂದೇ ಮಾತು: "ಕುಣಿಯೋಕೆ ಶಕ್ತಿ ಇತ್ತು, ಕೆಲಸಕ್ಕೆ ಹೋಗೋಕೆ ಇಲ್ವಾ? ಇದೆಲ್ಲ ಸೋಮಾರಿತನ."

ಇದು ಯಾರೋ ಒಬ್ಬರ ಕಥೆಯಲ್ಲ, ಲಕ್ಷಣಗಳನ್ನು ವಿವರಿಸಲು ಕೊಟ್ಟ ಉದಾಹರಣೆ. ಆದರೆ ಅಹಮದಾಬಾದ್, ವಡೋದರಾ, ಸೂರತ್‌ನಿಂದ ಬೆಂಗಳೂರು, ಹುಬ್ಬಳ್ಳಿಯವರೆಗೆ ಎಷ್ಟೋ ಮನೆಗಳಲ್ಲಿ ಇಂಥ ದೃಶ್ಯ ಕಾಣಸಿಗುತ್ತದೆ. ವೈದ್ಯಕೀಯ ಭಾಷೆಯಲ್ಲಿ ಇದಕ್ಕೊಂದು ಹೆಸರಿದೆ: ಅಟಿಪಿಕಲ್ ಡಿಪ್ರೆಶನ್. ಇದಕ್ಕೆ ಚಿಕಿತ್ಸೆಯೂ ಇದೆ. ತೊಂದರೆ ಏನೆಂದರೆ, ಖಿನ್ನತೆ ಎಂದರೆ ಹೀಗೇ ಇರುತ್ತದೆ ಎಂದು ಜನ ಅಂದುಕೊಂಡಿರುವ ಚಿತ್ರಕ್ಕೆ ಇದು ಹೊಂದುವುದೇ ಇಲ್ಲ.

ಸಾಮಾನ್ಯ ಖಿನ್ನತೆಗಿಂತ ಹೇಗೆ ಭಿನ್ನ?

ಖಿನ್ನತೆ ಎಂದ ಕೂಡಲೇ ನೆನಪಾಗುವುದು ಊಟ ಬಿಟ್ಟು, ನಿದ್ದೆ ಬಾರದೆ, ಸೊರಗಿ, ಯಾವುದಕ್ಕೂ ನಗದೆ ಮೂಲೆಯಲ್ಲಿ ಕುಳಿತ ವ್ಯಕ್ತಿ. ಅಟಿಪಿಕಲ್ ಖಿನ್ನತೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ತಿರುವುಮುರುವು. ಹಸಿವು ಹೆಚ್ಚುತ್ತದೆ, ನಿದ್ದೆ ಹೆಚ್ಚುತ್ತದೆ, ತೂಕ ಏರುತ್ತದೆ. ಒಳ್ಳೆಯ ಸುದ್ದಿ ಬಂದರೆ, ಬೇಕಾದವರು ಮನೆಗೆ ಬಂದರೆ ಮುಖ ಅರಳುತ್ತದೆ. ಅವರು ಹೊರಟುಹೋದ ಮೇಲೆ ಮನಸ್ಸು ಮತ್ತೆ ಕುಸಿಯುತ್ತದೆ.

ಅಟಿಪಿಕಲ್ ಎಂದರೆ 'ಮಾದರಿಗೆ ಹೊಂದದ' ಎಂದರ್ಥ. ಹಾಗೆಂದು ಇದು ಅಪರೂಪದ ಕಾಯಿಲೆ ಎಂದು ತಿಳಿಯಬಾರದು. ಖಿನ್ನತೆ ಇರುವವರಲ್ಲಿ ಗಣನೀಯ ಸಂಖ್ಯೆಯ ಜನರಲ್ಲಿ ಈ ಲಕ್ಷಣಗಳಿರುತ್ತವೆ. ಹದಿಹರೆಯ ಅಥವಾ ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗುವುದು ಹೆಚ್ಚು, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಬೇಗ ಶುರುವಾಗಿ ವರ್ಷಗಟ್ಟಲೆ ಉಳಿಯುವುದರಿಂದ 'ಅವಳ ಸ್ವಭಾವವೇ ಹಾಗೆ' ಎಂದು ಮನೆಯವರು ಒಪ್ಪಿಕೊಂಡುಬಿಡುತ್ತಾರೆ. ರೋಗಿಯೂ ಹಾಗೆಯೇ ನಂಬಿರುತ್ತಾರೆ.

ಕ್ಷಯದ ಮಾತ್ರೆಯಿಂದ ಬೆಳಕಿಗೆ ಬಂದ ಕಾಯಿಲೆ

1950ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಔಷಧ ಕೊಡಲಾಗುತ್ತಿತ್ತು. ಅದನ್ನು ತೆಗೆದುಕೊಂಡ ರೋಗಿಗಳು ಅಸಾಮಾನ್ಯ ಉತ್ಸಾಹ ತೋರತೊಡಗಿದರು. ಕ್ಷಯದ ಔಷಧವೊಂದು ಹೀಗೆ ಖಿನ್ನತೆಯ ಔಷಧವಾಯಿತು.

1959ರಲ್ಲಿ ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯರಾದ ವೆಸ್ಟ್ ಮತ್ತು ಡಾಲಿ, ಈ ಔಷಧಕ್ಕೆ ಚೆನ್ನಾಗಿ ಸ್ಪಂದಿಸುವವರು ಯಾರು ಎಂದು ಗಮನಿಸಿದರು. ಅವರು ಮಾಮೂಲಿ ಖಿನ್ನತೆಯ ರೋಗಿಗಳಂತೆ ಇರಲಿಲ್ಲ. ವಿದ್ಯುತ್ ಕಂಪನ ಚಿಕಿತ್ಸೆಯಿಂದ ಅವರಿಗೆ ಹೆಚ್ಚು ಪ್ರಯೋಜನವಾಗಿರಲಿಲ್ಲ, ಆತಂಕ, ಅತಿಯಾದ ಸುಸ್ತು ಎದ್ದು ಕಾಣುತ್ತಿತ್ತು. 'ಅಟಿಪಿಕಲ್' ಎಂಬ ಪದ ಬಳಕೆಗೆ ಬಂದದ್ದು ಅಲ್ಲಿಂದ. ಮುಂದೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ತಜ್ಞರು 1980ರ ದಶಕದಲ್ಲಿ ಇದರ ಲಕ್ಷಣಗಳನ್ನು ಖಚಿತವಾಗಿ ಗುರುತಿಸಿದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂನ 4ನೇ ಆವೃತ್ತಿಯಲ್ಲಿ ಇದಕ್ಕೆ ಅಧಿಕೃತ ಸ್ಥಾನ ಸಿಕ್ಕಿತು.

ರೋಗನಿರ್ಣಯ ಹೇಗೆ?

ಇದನ್ನು ಪತ್ತೆಹಚ್ಚುವ ರಕ್ತ ಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ರೋಗಿಯೊಂದಿಗೆ, ಸಾಧ್ಯವಾದರೆ ಮನೆಯವರೊಂದಿಗೆ ಮಾತನಾಡಿಯೇ ವೈದ್ಯರು ನಿರ್ಧರಿಸಬೇಕು. ಮೊದಲು ಖಿನ್ನತೆ ಇದೆಯೇ ಎಂದು ನೋಡುತ್ತಾರೆ. ಮನಸ್ಸು ಕುಗ್ಗಿರುವುದು, ಆಸಕ್ತಿ ಕಳೆದುಕೊಳ್ಳುವುದು, ಸುಸ್ತು, ಗಮನ ನಿಲ್ಲದಿರುವುದು, ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆ ಮುಂತಾದ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರಗಳ ಕಾಲ ಇರಬೇಕು. ಅವುಗಳಲ್ಲಿ ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು.

ಅದರ ಮೇಲೆ ಅಟಿಪಿಕಲ್ ಎನ್ನಲು ಒಂದು ಕಡ್ಡಾಯ ಲಕ್ಷಣವಿದೆ. ಒಳ್ಳೆಯ ಘಟನೆ ನಡೆದಾಗ, ಅಥವಾ ನಡೆಯಲಿದೆ ಎಂದಾಗ ಮನಸ್ಸು ಹಗುರಾಗಬೇಕು. ಜೊತೆಗೆ ಈ ನಾಲ್ಕರಲ್ಲಿ ಕನಿಷ್ಠ ಎರಡು ಇರಬೇಕು:

* ಹಸಿವು ಗಮನಾರ್ಹವಾಗಿ ಹೆಚ್ಚುವುದು ಅಥವಾ ತೂಕ ಏರುವುದು. ಸಿಹಿ, ಅನ್ನ, ಬ್ರೆಡ್, ಕರಿದ ತಿಂಡಿಗಳ ಮೇಲೆ ಆಸೆ ಹೆಚ್ಚಾಗುವುದು ಸಾಮಾನ್ಯ.
* ಅತಿಯಾದ ನಿದ್ದೆ. ದಿನಕ್ಕೆ 10 ಗಂಟೆ ಅಥವಾ ಅದಕ್ಕೂ ಹೆಚ್ಚು, ಇಲ್ಲವೇ ಚೆನ್ನಾಗಿದ್ದಾಗಿಗಿಂತ ಕನಿಷ್ಠ 2 ಗಂಟೆ ಜಾಸ್ತಿ.
* ಕೈಕಾಲಿಗೆ ಸೀಸದ ಗುಂಡು ಕಟ್ಟಿದಂಥ ಭಾರ. ದಿನಕ್ಕೆ ಕನಿಷ್ಠ ಒಂದು ಗಂಟೆ, ಹಲವರಿಗೆ ಇಡೀ ದಿನ.
* ಯಾರಾದರೂ ತಿರಸ್ಕರಿಸಿದರು, ಟೀಕಿಸಿದರು ಎನಿಸಿದಾಗ ತಡೆಯಲಾಗದಷ್ಟು ನೋವು. ಇದು ಖಿನ್ನತೆ ಇಲ್ಲದ ದಿನಗಳಲ್ಲೂ ಇದ್ದು, ಕೆಲಸ, ಸ್ನೇಹ, ಮದುವೆಯಂಥ ಸಂಬಂಧಗಳಿಗೆ ಪೆಟ್ಟು ಕೊಟ್ಟಿರಬೇಕು.

ಈ ಪಟ್ಟಿಯಲ್ಲಿ ಕೊನೆಯದನ್ನು ಜನ ಕಾಯಿಲೆಯ ಲಕ್ಷಣ ಎಂದು ಭಾವಿಸುವುದೇ ಇಲ್ಲ. 'ಮುಟ್ಟಿದರೆ ಮುನಿ' ಎಂದು ಛೇಡಿಸುತ್ತಾರೆ. ಟೀಕೆಗೆ ಹೆದರಿ ಸಂದರ್ಶನಕ್ಕೆ ಹೋಗದಿರುವುದು, ಫೋನ್ ಎತ್ತದ ಗೆಳೆಯನಿಗೆ ತಾನು ಬೇಡವಾದೆ ಎಂದು ಕೊರಗುವುದು, ಒಂದು ಮಾತಿಗೆ ಕೆಲಸವನ್ನೇ ಬಿಡುವುದು, ಇವೆಲ್ಲ ವೈದ್ಯರಿಗೆ ಹೇಳಲೇಬೇಕಾದ ಸಂಗತಿಗಳು.

ಕಾಯಿಲೆ ತಪ್ಪಿಹೋಗುವುದು ಎಲ್ಲಿ?

ಮೊದಲ ಕಾರಣ, ನಗು. ವೈದ್ಯರ ಎದುರು ಕುಳಿತ ರೋಗಿ ಚೆನ್ನಾಗಿಯೇ ಮಾತನಾಡುತ್ತಾರೆ, ತಮಾಷೆಗೆ ನಗುತ್ತಾರೆ. ಅವಸರದ ಹೊರರೋಗಿ ವಿಭಾಗದಲ್ಲಿ ಇದೊಂದೇ ಸಾಕು, 'ಏನೂ ಇಲ್ಲ, ವಿಶ್ರಾಂತಿ ತಗೊಳ್ಳಿ' ಎನ್ನಿಸಿಕೊಂಡು ವಾಪಸಾಗಲು.

ಎರಡನೆಯದು, ಅಳತೆಗೋಲು. ಖಿನ್ನತೆಯ ತೀವ್ರತೆ ಅಳೆಯಲು 1960ರಿಂದ ಬಳಕೆಯಲ್ಲಿರುವ ಹ್ಯಾಮಿಲ್ಟನ್ ಪ್ರಶ್ನಾವಳಿಯ 17 ಅಂಶಗಳ ರೂಪದಲ್ಲಿ ನಿದ್ರಾಹೀನತೆಗೇ ಮೂರು ಪ್ರಶ್ನೆಗಳಿವೆ. ಹಸಿವು ಕಡಿಮೆಯಾದರೆ, ತೂಕ ಇಳಿದರೆ ಅಂಕ ಸಿಗುತ್ತದೆ. ಹೆಚ್ಚು ನಿದ್ದೆ ಮಾಡಿ, ಹೆಚ್ಚು ತಿನ್ನುವವರಿಗೆ ಅಂಕವೇ ಇಲ್ಲ. ಹೀಗಾಗಿ ಕಾಯಿಲೆ ಜೋರಾಗಿದ್ದರೂ ಕಾಗದದ ಮೇಲೆ 'ಸೌಮ್ಯ' ಎಂದು ಕಾಣಬಹುದು. ಈಗ ಹೆಚ್ಚು ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಕಡಿಮೆ ನಿದ್ದೆ, ಹೆಚ್ಚು ನಿದ್ದೆ ಎರಡೂ ಒಂದೇ ಪ್ರಶ್ನೆಯಲ್ಲಿ ಸೇರಿವೆ. ಒಟ್ಟು ಅಂಕ ಖಿನ್ನತೆ ಇದೆ ಎಂದು ತೋರಿಸುತ್ತದೆ, ಯಾವ ಬಗೆಯದು ಎಂದು ಹೇಳುವುದಿಲ್ಲ. ಬಿಡಿಸಿ ಕೇಳಬೇಕಾದದ್ದು ವೈದ್ಯರೇ.

ಮೂರನೆಯದು, ರೋಗಿ ಹೋಗುವ ಜಾಗ. ತೂಕ ಹೆಚ್ಚಿದೆ ಎಂದು ಡಯಟ್ ತಜ್ಞರ ಬಳಿ, ಸುಸ್ತು ಎಂದು ವಿಟಮಿನ್ ಮಾತ್ರೆಗೆ ಮೆಡಿಕಲ್ ಶಾಪ್‌ಗೆ, ಮುಟ್ಟಿನ ಏರುಪೇರು ಎಂದು ಸ್ತ್ರೀರೋಗ ತಜ್ಞರ ಬಳಿ ಹೋಗುತ್ತಾರೆ. ಮನೋವೈದ್ಯರ ಸರದಿ ಬರುವುದು ಕೊನೆಗೆ, ಕೆಲವೊಮ್ಮೆ ಬರುವುದೇ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಈ ಕಂದಕವನ್ನು ಅಂಕಿಗಳಲ್ಲಿ ತೋರಿಸಿದೆ. ಗುಜರಾತ್ ಸೇರಿ 12 ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯ ಪ್ರಕಾರ 20 ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಖಿನ್ನತೆ ಇರುವವರಲ್ಲಿ ಸುಮಾರು ಶೇ.85ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಲಕ್ಷಣಗಳೇ ತಿರುವುಮುರುವಾಗಿರುವವರ ಪಾಡು ಇನ್ನೂ ಕಷ್ಟ.

ಮೊದಲು ತಳ್ಳಿಹಾಕಬೇಕಾದ ಕಾಯಿಲೆಗಳು

ಹೆಚ್ಚು ನಿದ್ದೆ, ಸುಸ್ತು, ತೂಕ ಏರಿಕೆ ಇದ್ದ ಮಾತ್ರಕ್ಕೆ ಅದು ಖಿನ್ನತೆಯೇ ಆಗಬೇಕಿಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೆ ಇವೇ ಲಕ್ಷಣಗಳು ಬರುತ್ತವೆ. ಆದ್ದರಿಂದ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ವಾಡಿಕೆ. ರಕ್ತಹೀನತೆ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ವಿಟಮಿನ್ ಬಿ12 ಕೊರತೆ, ಮಧುಮೇಹ, ಪಿಸಿಒಎಸ್ ಇವೆಯೇ ಎಂದು ನೋಡಬೇಕು. ಸಸ್ಯಾಹಾರಿ ಕುಟುಂಬಗಳು ಹೆಚ್ಚಿರುವ ಗುಜರಾತ್‌ನಲ್ಲಿ ಬಿ12 ಪರೀಕ್ಷೆಯನ್ನು ಮರೆಯುವಂತಿಲ್ಲ. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಸ್ಟೀರಾಯ್ಡ್‌ನಂಥ ಕೆಲವು ಔಷಧಗಳಿಂದಲೂ ಹಸಿವು, ಮನಸ್ಥಿತಿ ಬದಲಾಗುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೈಪೋಲಾರ್ ಕಾಯಿಲೆಯದು. ಹೆಚ್ಚು ನಿದ್ದೆ, ಹೆಚ್ಚು ಹಸಿವಿನ ಖಿನ್ನತೆ ಬೈಪೋಲಾರ್ ಇರುವವರಲ್ಲಿ ಸಾಮಾನ್ಯ. ಈ ಹಿಂದೆ ಕೆಲವು ದಿನ ಮೂರು-ನಾಲ್ಕು ಗಂಟೆ ನಿದ್ದೆ ಮಾಡಿಯೂ ಸುಸ್ತಾಗದೆ, ವಿಪರೀತ ಮಾತು, ವಿಪರೀತ ಖರ್ಚು, ದೊಡ್ಡ ದೊಡ್ಡ ಯೋಜನೆ ಹಾಕುತ್ತಿದ್ದ ಕಾಲ ಇತ್ತೇ? ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ? ಇದನ್ನು ಕೇಳದೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಕೆಲವರಲ್ಲಿ ಮನಸ್ಸು ಉನ್ಮಾದದತ್ತ ಜಿಗಿಯುವ ಅಪಾಯವಿದೆ. ರೋಗಿಗೆ ಆ ದಿನಗಳು 'ಚೆನ್ನಾಗಿದ್ದ ದಿನ'ಗಳೆಂದೇ ನೆನಪಿರುವುದರಿಂದ ಮನೆಯವರ ಮಾತು ಇಲ್ಲಿ ಬಹಳ ಮುಖ್ಯ.

ಔಷಧ ಚಿಕಿತ್ಸೆ: ಯಾವುದು, ಏಕೆ?

ಅಟಿಪಿಕಲ್ ಖಿನ್ನತೆಗೆ ಅತಿ ಹೆಚ್ಚು ಪುರಾವೆ ಇರುವುದು ಎಂಎಒಐ ಎಂಬ ಹಳೆಯ ಗುಂಪಿನ ಔಷಧಗಳಿಗೆ. ಇಪ್ರೋನಿಯಾಜಿಡ್ ಇದೇ ಗುಂಪಿಗೆ ಸೇರಿತ್ತು. ಯಕೃತ್ತಿಗೆ ಹಾನಿ ಮಾಡುತ್ತದೆ ಎಂದು ಅದನ್ನು ಕೈಬಿಡಲಾಯಿತು. ಕೊಲಂಬಿಯಾ ತಂಡ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಗುಂಪಿನ ಫಿನೆಲ್ಜಿನ್ ಪಡೆದವರಲ್ಲಿ ಶೇ.71 ಜನ ಸುಧಾರಿಸಿದ್ದರು. ಇಮಿಪ್ರಮೈನ್ ಎಂಬ ಇನ್ನೊಂದು ಔಷಧ ಪಡೆದವರಲ್ಲಿ ಇದು ಶೇ.50, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ.28.

ಹಾಗಿದ್ದರೆ ಎಲ್ಲರಿಗೂ ಅದನ್ನೇ ಏಕೆ ಕೊಡುವುದಿಲ್ಲ? ಕಾರಣ ಊಟದ ತಟ್ಟೆಯಲ್ಲಿದೆ. ಈ ಔಷಧ ತೆಗೆದುಕೊಳ್ಳುವವರು ಹಳೆಯದಾಗಿ ಮಾಗಿಸಿದ ಚೀಸ್, ಸೋಯಾ ಸಾಸ್, ಕೆಲವು ಬಗೆಯ ಬಿಯರ್‌ನಂಥ ಟೈರಮೈನ್ ಹೆಚ್ಚಿರುವ ಪದಾರ್ಥ ಸೇವಿಸಿದರೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಅಪಾಯದ ಮಟ್ಟಕ್ಕೆ ಏರಬಹುದು. ನೆಗಡಿಗೆ ಕೊಡುವ ಕೆಲವು ಮಾತ್ರೆಗಳೂ ಇದರ ಜೊತೆ ಅಪಾಯಕಾರಿ. ಹಾಗಾಗಿ ಬೇರೆ ಔಷಧಗಳು ಫಲ ಕೊಡದಾಗ ಮಾತ್ರ, ಅನುಭವಿ ಮನೋವೈದ್ಯರ ನಿಗಾದಲ್ಲಿ ಇವುಗಳ ಬಳಕೆ.

ಇಂದು ಸಾಮಾನ್ಯವಾಗಿ ಮೊದಲು ಕೊಡುವುದು ಎಸ್‌ಎಸ್‌ಆರ್‌ಐ ಗುಂಪಿನ ಫ್ಲೂಒಕ್ಸೆಟಿನ್, ಸರ್ಟ್ರಾಲಿನ್, ಎಸಿಟಾಲೋಪ್ರಾಮ್‌ನಂಥ ಔಷಧಗಳನ್ನು. ಸುಸ್ತು, ಅತಿ ನಿದ್ದೆ ಹೆಚ್ಚಿರುವ ಕೆಲವರಿಗೆ ಬುಪ್ರೋಪಿಯಾನ್ ಆಯ್ಕೆ ಮಾಡುವುದುಂಟು. ಇದು ತೂಕ ಹೆಚ್ಚಿಸುವುದಿಲ್ಲ, ಆದರೆ ಫಿಟ್ಸ್ ಇತಿಹಾಸ ಇರುವವರಿಗೆ ಸಲ್ಲದು. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳು ನಿದ್ದೆ, ಹಸಿವು ಎರಡನ್ನೂ ಹೆಚ್ಚಿಸುತ್ತವೆ. ಊಟ, ನಿದ್ದೆ ಬಿಟ್ಟವರಿಗೆ ಅದು ವರ. ಈಗಾಗಲೇ ಹನ್ನೆರಡು ಗಂಟೆ ಮಲಗುವವರಿಗೆ ಅದೇ ತೊಡಕು. ಖಿನ್ನತೆಯ ಬಗೆ ಗುರುತಿಸುವುದು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಎಸ್‌ಎಸ್‌ಆರ್‌ಐ ಮತ್ತು ಎಂಎಒಐ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ, ಪ್ರಾಣಾಪಾಯವಾಗಬಹುದು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಶುರು ಮಾಡುವ ಮಧ್ಯೆ ಸಾಮಾನ್ಯವಾಗಿ ಎರಡು ವಾರ ಬಿಡುವು ಬೇಕು. ಫ್ಲೂಒಕ್ಸೆಟಿನ್ ನಿಲ್ಲಿಸಿದ ಮೇಲಾದರೆ ಐದು ವಾರ. ಯಾರದೋ ಹಳೆಯ ಚೀಟಿ ತೋರಿಸಿ ಮಾತ್ರೆ ಕೊಳ್ಳುವುದು ಅಪಾಯ ಎನ್ನುವುದು ಇದಕ್ಕೇ.

ಎಷ್ಟು ದಿನ ಬೇಕು?

ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮ ತಿಳಿಯಲು ಆರರಿಂದ ಎಂಟು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆಯಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ವಾರವೇ ಬರುತ್ತವೆ. 'ಪ್ರಯೋಜನ ಇಲ್ಲ, ತೊಂದರೆಯೇ ಜಾಸ್ತಿ' ಎಂದು ಹಲವರು ಮಾತ್ರೆ ಬಿಡುವುದು ಇದೇ ಹಂತದಲ್ಲಿ. ಸುಧಾರಿಸಿದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಪ್ರಮಾಣ ಇಳಿಸಬೇಕು.

25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಮನೆಯವರು ಹತ್ತಿರವಿದ್ದು ಗಮನಿಸಬೇಕು. ಈ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಶುರುವಾಗುವುದರಿಂದ ಈ ಎಚ್ಚರಿಕೆಗೆ ಇನ್ನಷ್ಟು ತೂಕವಿದೆ.

ಮಾತ್ರೆಯೊಂದೇ ದಾರಿಯೇ?

ಅಲ್ಲ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ, ಅಟಿಪಿಕಲ್ ಖಿನ್ನತೆಯ 108 ರೋಗಿಗಳ ಅಧ್ಯಯನವೊಂದರಲ್ಲಿ ಕಾಗ್ನಿಟಿವ್ ಥೆರಪಿ ಎಂಬ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ.58, ಫಿನೆಲ್ಜಿನ್ ಪಡೆದವರಲ್ಲೂ ಶೇ.58 ಜನ ಚೇತರಿಕೆ ಕಂಡರು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಇದು ಶೇ.28. 'ಅವರು ಫೋನ್ ಎತ್ತಲಿಲ್ಲ, ನಾನು ಬೇಡವಾದೆ' ಎಂಬ ಯೋಚನೆಯನ್ನು ಹಿಡಿದು, ಅದಕ್ಕೆ ಸಾಕ್ಷಿ ಏನು ಎಂದು ತನ್ನನ್ನೇ ಕೇಳಿಕೊಳ್ಳುವುದನ್ನು ಈ ಚಿಕಿತ್ಸೆ ಕಲಿಸುತ್ತದೆ. ತಿರಸ್ಕಾರದ ಭಯ ಹೆಚ್ಚಿರುವವರಿಗೆ ಇದು ನೇರವಾಗಿ ನೆರವಾಗುತ್ತದೆ.

ಮೈಯ ಆರೋಗ್ಯದ ಮೇಲೂ ಕಣ್ಣಿರಬೇಕು. ಸ್ವಿಟ್ಜರ್ಲೆಂಡ್‌ನ ಲೊಸಾನ್ ನಗರದ ನಿವಾಸಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆಯ ಬಗೆಗಳ ಪೈಕಿ ಮುಂದಿನ ವರ್ಷಗಳ ಬೊಜ್ಜಿನೊಂದಿಗೆ ನಂಟು ಕಂಡದ್ದು ಅಟಿಪಿಕಲ್ ಬಗೆಗೆ. ತೂಕ, ರಕ್ತದೊತ್ತಡ, ಸಕ್ಕರೆ ಪ್ರಮಾಣವನ್ನು ಆಗಾಗ ನೋಡಿಸಬೇಕು. ಬೆಳಗಿನ ಬಿಸಿಲಿನಲ್ಲಿ ನಡಿಗೆ, ನಿಗದಿತ ಸಮಯಕ್ಕೆ ಏಳುವುದು ಚಿಕಿತ್ಸೆಗೆ ಪೂರಕ. ಆದರೆ 'ವಾಕಿಂಗ್ ಹೋದರೆ ಎಲ್ಲ ಸರಿಹೋಗುತ್ತೆ' ಎಂದು ಮಾತ್ರೆ ಬಿಡಿಸುವುದು ತಪ್ಪು.

ಮೂರು ನಗರಗಳಲ್ಲಿ ಎಲ್ಲಿಗೆ ಹೋಗಬೇಕು?

ಗುಜರಾತ್‌ನಲ್ಲಿ ನಾಲ್ಕು ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ: ಅಹಮದಾಬಾದ್, ವಡೋದರಾ, ಜಾಮ್‌ನಗರ ಮತ್ತು ಭುಜ್.

ಅಹಮದಾಬಾದ್: ದಿಲ್ಲಿ ದರ್ವಾಜಾ ಹೊರಗಿನ ಶಾಹಿಬಾಗ್ ರಸ್ತೆಯಲ್ಲಿರುವ ಸರ್ಕಾರಿ ಮಾನಸಿಕ ಆಸ್ಪತ್ರೆ 1863ರಷ್ಟು ಹಳೆಯದು. ಅಸಾರ್ವಾದ ಸಿವಿಲ್ ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗವಿದೆ. ಥೈರಾಯ್ಡ್‌ನಂಥ ಪರೀಕ್ಷೆಗಳೂ ಒಂದೇ ಆವರಣದಲ್ಲಿ ಆಗಬೇಕೆನ್ನುವವರಿಗೆ ಸಿವಿಲ್ ಆಸ್ಪತ್ರೆ ಅನುಕೂಲ.

ವಡೋದರಾ: ಕಾರೇಲಿಬಾಗ್‌ನಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಬರೋಡಾ ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಊರವರು ಇದನ್ನು ಎಸ್‌ಎಸ್‌ಜಿ ಎಂದೇ ಕರೆಯುತ್ತಾರೆ.

ಸೂರತ್: ಇಲ್ಲಿ ಪ್ರತ್ಯೇಕ ಸರ್ಕಾರಿ ಮಾನಸಿಕ ಆಸ್ಪತ್ರೆ ಇಲ್ಲ. ಹಾಗೆಂದು ವಡೋದರಾಗೆ ಓಡಬೇಕಿಲ್ಲ. ಮಜುರಾ ಗೇಟ್ ಬಳಿಯ ನ್ಯೂ ಸಿವಿಲ್ ಆಸ್ಪತ್ರೆ ಮತ್ತು ಪಾಲಿಕೆಯ ಸ್ಮಿಮೇರ್ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಚಿಕಿತ್ಸೆ ಸಿಗುತ್ತದೆ. ವಜ್ರ ಹೊಳಪು ಮಾಡುವ ಘಟಕ, ಜವಳಿ ಗಿರಣಿಗಳಲ್ಲಿ ದುಡಿಯಲು ದೂರದ ಊರುಗಳಿಂದ ಬಂದವರೇ ಹೆಚ್ಚಿರುವ ನಗರವಿದು. ವಜ್ರೋದ್ಯಮ ಕುಸಿದು ಕೆಲಸ ಹೋದವರಿಗಾಗಿ 2024ರಲ್ಲಿ ಕಾರ್ಮಿಕ ಸಂಘವೇ ಸಹಾಯವಾಣಿ ತೆರೆಯಬೇಕಾಯಿತು. ದಿನಗೂಲಿ ಮೇಲೆ ಬದುಕುವವರಿಗೆ 'ಏಳಲಾಗುತ್ತಿಲ್ಲ' ಎಂದರೆ ಆ ದಿನದ ಸಂಬಳ ಇಲ್ಲ ಎಂದೇ ಅರ್ಥ.

ದೇವರ ಮೊರೆ ಹೋಗುವವರೂ ಮಾತ್ರೆ ಬಿಡಬೇಕಿಲ್ಲ ಎಂದು ತೋರಿಸಿದ್ದೂ ಗುಜರಾತೇ. ಮೆಹ್ಸಾಣಾ ಜಿಲ್ಲೆಯ ಉನಾವಾದ ಮೀರಾ ದಾತಾರ್ ದರ್ಗಾಕ್ಕೆ ಮಾನಸಿಕ ತೊಂದರೆ ಇರುವವರನ್ನು ಕರೆತರುವ ಪದ್ಧತಿ ಬಹಳ ಹಿಂದಿನದು. ಅಲ್ಲಿಯೇ ಮನೋವೈದ್ಯರ ಕ್ಲಿನಿಕ್ ತೆರೆದು, ಪ್ರಾರ್ಥನೆ ಮತ್ತು ಔಷಧ ಎರಡನ್ನೂ ಜೊತೆಗೆ ನಡೆಸುವ 'ದವಾ ಮತ್ತು ದುವಾ' ಯೋಜನೆ ದೇಶದ ಗಮನ ಸೆಳೆದಿದೆ.

ಕನ್ನಡದಲ್ಲಿ ಮಾತನಾಡಬೇಕೆಂದರೆ?

ಹೋಟೆಲ್, ಬ್ಯಾಂಕ್, ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತ ಗುಜರಾತ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಮನಸ್ಸಿನ ನೋವನ್ನು ಹಿಂದಿಯಲ್ಲೋ ಗುಜರಾತಿಯಲ್ಲೋ ಹೇಳುವುದು ಸುಲಭವಲ್ಲ. ಅವರು 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಇದು. ದಿನದ 24 ಗಂಟೆಯೂ ಲಭ್ಯ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಖರ್ಚು, ಕಾನೂನು: ಇದು ಗೊತ್ತಿರಲಿ

ಮಾನಸಿಕ ಆರೋಗ್ಯ ಕಾಯ್ದೆ 2017 ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದು ಹೇಳಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ. 2018ರ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಇದನ್ನೇ ಸೂಚಿಸಿದೆ. ಆದರೆ ಹೊರರೋಗಿ ವೆಚ್ಚ ಕೊಡದ ಪಾಲಿಸಿಗಳೇ ಹೆಚ್ಚು, ಪತ್ರ ಓದಿ ನೋಡಿಕೊಳ್ಳಿ. ಎಸಿಟಾಲೋಪ್ರಾಮ್‌ನಂಥ ಮಾತ್ರೆಗಳ ಜೆನೆರಿಕ್ ರೂಪ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಈ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯದಿರುವುದು ಬೇಡ.

ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರದ ಲೆಕ್ಕ ಬರೆದಿಡಿ: ಎಷ್ಟು ಗಂಟೆ ನಿದ್ದೆ, ಏನು ತಿಂದದ್ದು, ಯಾವಾಗ ಮನಸ್ಸು ಹಗುರಾಯಿತು, ಎಷ್ಟು ಹೊತ್ತು ಹಾಗೆ ಇತ್ತು, ಯಾವ ಮಾತು ನೋಯಿಸಿತು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಬರೆಯಿರಿ. ಹತ್ತು ನಿಮಿಷದ ಭೇಟಿಯಲ್ಲಿ ಈ ಒಂದು ಹಾಳೆ ಬಹಳ ಕೆಲಸ ಮಾಡುತ್ತದೆ.

ಮನೆಯವರಿಗೆ ಒಂದು ಮಾತು. ಹಬ್ಬದಲ್ಲಿ ನಕ್ಕಿದ್ದನ್ನು ಕಾಯಿಲೆ ಇಲ್ಲ ಎನ್ನುವುದಕ್ಕೆ ಸಾಕ್ಷಿ ಮಾಡಬೇಡಿ. ಈ ಕಾಯಿಲೆಯಲ್ಲಿ ಆ ನಗುವೂ ನಿಜ, ಮರುದಿನ ಕಾಲು ಎತ್ತಲಾಗದ್ದೂ ನಿಜ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧ ಶುರು ಮಾಡುವ, ಬದಲಿಸುವ ಅಥವಾ ನಿಲ್ಲಿಸುವ ಮುನ್ನ ಮನೋವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ತಡಮಾಡದೆ 14416ಕ್ಕೆ ಕರೆ ಮಾಡಿ. ತುರ್ತು ಪರಿಸ್ಥಿತಿಯಲ್ಲಿ 108 ಅಥವಾ 112.)